ವಿಷಲ್ ಫ್ಯಾಕ್ಟ್ರಿಗೆ ಎರಡು ಮೂಲ

ಈ ಪ್ರಸಂಗಗಳಲ್ಲಿ ಮೊದಲನೆಯದನ್ನು ನನಗೆ ಹೇಳಿದವರು ಮರಿಸ್ವಾಮಣ್ಣ. ಪೀಣ್ಯದಲ್ಲಿ ನಾನು ಮೂವತ್ತೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದ ಕಾರ್ಖಾನೆಗೆ ಅವರು ಫೋರ್‌ಮನ್. ಒಂದು ಶನಿವಾರ ಬೆಳಿಗ್ಗೆ ಮಾಕಳಿಯ ಆಂಜನೇಯನ ಗುಡಿಕಟ್ಟೆಯ ಮೇಲೆ, ಪ್ರಸಾದದ ಉಸಲಿಯನ್ನು ಅಂಗೈಯಲ್ಲಿಟ್ಟುಕೊಂಡು ಹೇಳಿದರು. ಆ ಕಥೆಯ ಖಳನಾಯಕ ಪಕ್ಕದಲ್ಲೇ ಕೂತು ಉಸಲಿ ತಿನ್ನುತ್ತಿದ್ದಾನೆ ಎಂದು ಅವರಿಗೆ ಗೊತ್ತಿರಲಿಲ್ಲ.

ನಾನು ಖಳನಾಯಕನಾದದ್ದು ಹೀಗೆ. ಕೆಲಸ ಬಿಟ್ಟ ಮೇಲೆ ನಮ್ಮ ಮಗಳು ಒಂದು ಹಳೆಯ ಕಂಪ್ಯೂಟರ್ ತಂದಿಟ್ಟು, ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ ಕನ್ನಡದ ವಿಶ್ವಕೋಶವೊಂದನ್ನು ತೋರಿಸಿಕೊಟ್ಟಳು. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ. ಏಳು ತರಗತಿಗೂ ಒಬ್ಬರೇ ಮೇಷ್ಟ್ರು. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಬೆತ್ತ. ಆ ಪುಣ್ಯದಿಂದ ಕಾಗುಣಿತ ತಿದ್ದುವ ಕೆಲಸ ಹಿಡಿದೆ. ತಿದ್ದುತ್ತಾ ತಿದ್ದುತ್ತಾ, ಕಂಪನಿಗಳ ಬಗ್ಗೆ ಯಾರಾದರೂ ಹೊಸ ಪುಟ ಬರೆದಾಗ 'ಇದನ್ನು ಉಳಿಸಬೇಕೋ, ಅಳಿಸಬೇಕೋ' ಎಂದು ಅಭಿಪ್ರಾಯ ಹೇಳುವವರ ಸಾಲಿಗೂ ಸೇರಿಬಿಟ್ಟೆ.

ನಿಯಮ ಸರಳವಾದದ್ದು. ಕಂಪನಿಯ ಸಂಬಂಧವೇ ಇಲ್ಲದವರು, ತಾವಾಗಿಯೇ, ಅದರ ಬಗ್ಗೆ ಎಲ್ಲಾದರೂ ನಾಲ್ಕು ಮಾತು ಬರೆದಿರಬೇಕು. ಅದಕ್ಕೆ ಅಲ್ಲಿ 'ಸ್ವತಂತ್ರ ಮೂಲ' ಅನ್ನುತ್ತಾರೆ. ಕಡಿಮೆಯೆಂದರೆ ಎರಡು ಬೇಕು. ಗುಡಿಯ ಮಾತಿನಲ್ಲಿ ಹೇಳುವುದಾದರೆ, ಜಾಹೀರಾತು ಎನ್ನುವುದು ಉತ್ಸವಮೂರ್ತಿ, ಅಲಂಕಾರ ಮಾಡಿಕೊಂಡು ಬೀದಿ ಸುತ್ತುತ್ತೆ. ನಮಗೆ ಬೇಕಾದದ್ದು ಒಳಗೆ ಅಲ್ಲಾಡದೆ ಕೂತಿರುವ ಮೂಲವಿಗ್ರಹ. ಇಷ್ಟೇ. ಆದರೂ ಪಟ್ಟಿ ಅಂತ ಒಂದಿದ್ದು, ಒಳಗೆ ಬರಬೇಕೆನ್ನುವವರು ಬಾಗಿಲಲ್ಲಿ ನಿಂತಿರುವವರೆಗೆ ಇಂಥ ಫಜೀತಿಗಳು ನಡೆಯುತ್ತಲೇ ಇರುತ್ತವೆ.

ಮೂಲ

ಪಂಪಿನ ಬಿಡಿಭಾಗ ಮಾಡುವ ಸಣ್ಣ ಯೂನಿಟ್ಟಿನ ಮಾಲೀಕರೊಬ್ಬರು ಮರಿಸ್ವಾಮಣ್ಣನ ಮನೆಗೆ ಬೆವರು ಒರೆಸಿಕೊಳ್ಳುತ್ತಾ ಬಂದರಂತೆ.

"ಅಣ್ಣಾ, ನಾನು ಡಾಕ್ಟ್ರಿಗೂ ಸರಿಯಾಗಿ ತೋರ್ಸಿಲ್ಲ. ಈ ಕಂಪ್ಯೂಟ್ರುನೋರಿಗೆ ಎಂಗೆ ಗೊತ್ತಾಯ್ತು?"

"ಏನಯ್ಯಾ ಗೊತ್ತಾಗಿದ್ದು?"

"ನಮ್ಮ ಕಂಪ್ನಿ ಬಗ್ಗೆ ಒಂದು ಪುಟ ಹಾಕ್ಸಿದ್ದೆ. ಅದರ ಕೆಳಗೆ ಯಾವನೋ 'ನಿಮ್ಮ ಮೂಲ ತೃಪ್ತಿಕರವಾಗಿಲ್ಲ' ಅಂತ ಬರ್ದವ್ನೆ. ಲೋಕಕ್ಕೆಲ್ಲಾ ಕಾಣೋ ಅಂಗೆ! ಅದರ ಮೇಲೆ ಎರಡು ಬೇಕಂತೆ. ಒಂದಕ್ಕೇ ಕೂರೋಕಾಗ್ತಿಲ್ಲ ಕಣಣ್ಣ, ಇನ್ನೊಂದು ಎಲ್ಲಿಂದ ತರ್ಲಿ?"

ನಮ್ಮದು

ಆ 'ಯಾವನೋ' ನಾನೇ ಎಂದು ಒಪ್ಪಿಕೊಂಡೆ. ಮರಿಸ್ವಾಮಣ್ಣ ನಕ್ಕ ರಭಸಕ್ಕೆ ಉಸಲಿಯೆಲ್ಲ ಕಟ್ಟೆಯ ಮೇಲೆ ಚೆಲ್ಲಿತು. ಒಂದೊಂದೇ ಕಾಳನ್ನು ಆರಿಸಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಆಮೇಲೆ ನಗು ನಿಲ್ಲಿಸಿ, "ಅಂಗಾದ್ರೆ ನೀನು ಒಳಗಡೆಯೋನು. ನಮ್ದನ್ನ ಹಾಕು" ಅಂದರು.

ನಮ್ಮ ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದು ಒಂದೇ ವಸ್ತು: ಪ್ರೆಶರ್ ಕುಕ್ಕರಿನ ಮುಚ್ಚಳದ ಮೇಲೆ ಕೂತು ಕೂಗುವ ವಿಷಲ್ಲು. ಬೋರ್ಡಿನ ಮೇಲೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಓದಿದವರಿಲ್ಲ. ಸುತ್ತಮುತ್ತ ಎಲ್ಲರ ಬಾಯಲ್ಲೂ ಅದು ವಿಷಲ್ ಫ್ಯಾಕ್ಟ್ರಿ. ಬೆಳಿಗ್ಗೆ ಗೇಟಿನಲ್ಲಿ ಗಣಪತಿಗೆ ಒಂದು ಹೂವು, ಹತ್ತೂವರೆಗೆ ಟೀ, ಆಯುಧಪೂಜೆಯ ದಿನ ಲೇತುಗಳಿಗೆಲ್ಲ ವಿಭೂತಿ, ಕಡ್ಲೆಪುರಿ. ಕೊನೆಗೆ ಪರೀಕ್ಷೆಯ ಕೋಣೆಯಲ್ಲಿ ಎಂಟು ಕುಕ್ಕರುಗಳು ಒಟ್ಟಿಗೆ ಕೂಗುತ್ತಿದ್ದವು, ಒಳಗೆ ಬರೀ ನೀರು. ಮರಿಸ್ವಾಮಣ್ಣ ಕಣ್ಣು ಮುಚ್ಚಿ ಕೇಳಿ, "ಐದನೇದಕ್ಕೆ ನೆಗಡಿ ಆಗೈತೆ, ತೆಗೀರಿ" ಅನ್ನುತ್ತಿದ್ದರು.

ಅವರ ಮಗಳಿಗೆ ಗಂಡು ನೋಡಲು ಹೋದಾಗ ನಾನೂ ಜೊತೆಗಿದ್ದೆ. ಜಾತಕ ಕೂಡಿತ್ತು, ಹುಡುಗ ಒಳ್ಳೆಯವನು, ಎಲ್ಲ ಮುಗಿಯುವ ಹೊತ್ತಿಗೆ ಒಳಗೆ ಕುಕ್ಕರ್ ಕೂಗಿತು. ಮರಿಸ್ವಾಮಣ್ಣನ ಮುಖ ಇಳಿದುಹೋಯಿತು. ಹೊರಗೆ ಬಂದು ನನ್ನ ಕಿವಿಯಲ್ಲಿ, "ಮನೆತನ ಚೆನ್ನಾಗೈತೆ. ಆದ್ರೆ ಬೇರೆ ಕಂಪ್ನಿ ವಿಷಲ್ಲು ಇಟ್ಕೊಂಡವ್ರೆ ಕಣೋ" ಅಂದರು. ಮದುವೆಯೇನೋ ಆಯಿತು. ಮಗಳ ಸೀರೆಗಳ ಮಧ್ಯೆ ನಮ್ಮದೊಂದು ವಿಷಲ್ಲನ್ನು ಅರಿಸಿನ ಕುಂಕುಮ ಹಚ್ಚಿ ಇಟ್ಟು ಕಳಿಸಿದರು.

ಈಗ ಆ ಕಾರ್ಖಾನೆ ಇಲ್ಲ. ಯಜಮಾನರು ಹೋದ ಮೇಲೆ ಮಕ್ಕಳಿಗೆ ಮನಸ್ಸಿರಲಿಲ್ಲ. ಶೆಡ್ಡು ಪಾರ್ಸೆಲ್ ಗೋಡೌನಾಯಿತು. ಬೋರ್ಡನ್ನು ಗೇಟಿನ ಮುಂದಿನ ಚರಂಡಿಗೆ ಮುಚ್ಚಳ ಮಾಡಿದ್ದಾರೆ, ಹೆಸರು ಕೆಳಮುಖವಾಗಿ.

"ದುಡ್ಡು ಕಾಸು ಬ್ಯಾಡ" ಅಂದರು ಮರಿಸ್ವಾಮಣ್ಣ. "ಇಂಗೊಂದಿತ್ತು ಅಂತ ಎಲ್ಲಾದ್ರೂ ಒಂದ್ ಕಡೆ ಇರ್ಬೇಕು. ನಾನು ಸಾಯೋದ್ರೊಳ್ಗೆ ಓದ್ಬೇಕು."

"ಎರಡು ಮೂಲ ಬೇಕಲ್ಲಣ್ಣ" ಅಂದೆ.

"ನಂಗೂ ಅರವತ್ತೆಂಟಾಯ್ತು" ಅಂದರು. "ತಡಿ, ಬಂದ್ರೂ ಬರ್ತದೆ."

ಮಾತು ಬಿಟ್ಟ ತಮ್ಮ

ಕಂಪ್ಯೂಟರಿನಲ್ಲಿ ಹೆಸರು ಸೇರಿಸುವವನು ನಮ್ಮ ಸ್ಟೋರ್‌ಕೀಪರೇ ಎಂದು ಮರಿಸ್ವಾಮಣ್ಣ ಊರಿಗೆಲ್ಲ ಸಾರಿದರು. ನಾನೊಬ್ಬನೇ ತೀರ್ಮಾನಿಸುವವನಲ್ಲ ಎಂದರೆ ಯಾರೂ ನಂಬಲಿಲ್ಲ. ಮಾದನಾಯಕನಹಳ್ಳಿಯಿಂದ ಒಬ್ಬರು ಗೋಡೌನ್ ಕಂಪನಿಯ ಮಾಲೀಕರು ಸ್ಕೂಟರಿನ ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ಬಂದರು. ಮೊದಲು ರಾಗಿ ಬೆಳೆಯುತ್ತಿದ್ದ ಮನೆತನ.

"ಸಾರ್, ಸಂಬಂಧ ಇಲ್ದೋರು ಬೇಕು ಅಂದ್ರಂತೆ. ಕರ್ಕೊಂಬಂದಿದೀನಿ."

"ಇವರು ಯಾರು?"

"ನನ್ನ ಒಡಹುಟ್ಟಿದ ತಮ್ಮ."

"ತಮ್ಮ ಅಂದರೆ ಸಂಬಂಧ ಅಲ್ಲವೇ?"

"ಇತ್ತು ಸಾರ್. ಜಮೀನು ಭಾಗ ಆದ್ಮೇಲೆ ಮಾತು ಬಿಟ್ಟು ಹತ್ತು ವರ್ಷ. ನಮ್ಮೂರಲ್ಲಿ ಇವನಷ್ಟು ಸ್ವತಂತ್ರ ಯಾರೂ ಇಲ್ಲ. ನೀವೇ ಕೇಳಿ, ನಾನು ಕೇಳೋ ಹಾಗಿಲ್ಲ."

ತಮ್ಮ ನಮ್ಮ ತುಳಸಿಕಟ್ಟೆಯ ಕಡೆ ಮುಖ ಮಾಡಿ ಕೂತಿದ್ದರು. ನಮ್ಮ ಮನೆಯವಳು ಕಾಫಿ ತಂದಳು. ಅವರು ಲೋಟ ಹಿಡಿದು ತುಳಸಿಗೆ ಹೇಳುವಂತೆ ಹೇಳಿದರು: "ಸಾರ್, ನಾನು ಸುಳ್ಳು ಹೇಳಲ್ಲ. ಗೋಡೌನು ದೊಡ್ಡದೇ. ಆದ್ರೆ ಮೂರನೇ ಶೆಡ್ಡು ನಿಂತಿರೋದು ನಮ್ಮಪ್ಪ ಕೂರ್ತಿದ್ದ ಬೇವಿನ ಮರದ ಜಾಗದಲ್ಲಿ. ಬರ್ಕೊಳ್ಳಿ."

"ಬೇವಲ್ಲ ಕಣೋ, ಹೊಂಗೆ!" ಅಣ್ಣ ಗರಕ್ಕನೆ ತಿರುಗಿದರು.

"ಬೇವು! ಅಪ್ಪ ಅದರ ಕಡ್ಡೀಲೇ ಹಲ್ಲುಜ್ಜುತ್ತಿದ್ದ."

"ಹೊಂಗೆ ಕಡ್ಡೀಲಿ ಕಣೋ! ನಿಂಗೂ ಅದ್ರಲ್ಲೇ ಎರಡು ಬಾರ್ಸಿದ್ದ, ಮರ್ತೋಯ್ತಾ?"

"ನಂಗೆ ಬಾರ್ಸಿದ್ದು ನೀನು ಮಾಡಿದ್ದ ತಪ್ಪಿಗೆ!"

ಅಲ್ಲಿಂದ ಅಪ್ಪ, ಅಪ್ಪನ ಎತ್ತು, ಅವ್ವನ ಮುದ್ದೆ, ಬಾವಿಗೆ ಬಿದ್ದ ಕೊಡ, ಎಲ್ಲ ಬಂದವು. ಕಾಫಿ ಆರಿತು. ನಾನು ಅಲ್ಲಿದ್ದೇನೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಹೊರಟು ಗೇಟು ದಾಟಿದ ಅಣ್ಣ ಏನೋ ನೆನಪಾದಂತೆ ಹಿಂದಕ್ಕೆ ಬಂದು ತಲೆ ಕೆರೆದುಕೊಂಡರು.

"ಸಾರ್, ಇವನು ಇನ್ನು ಆಗಲ್ಲ. ಮಾತು ಬಂದ್ಬಿಡ್ತು. ಬೇರೆ ಯಾರನ್ನಾದ್ರೂ ನೋಡ್ತೀನಿ."

ವಿಶೇಷಣ

ವರ್ತೂರಿನ ಕಡೆಯ ಒಂದು ಹೊಸ ಕಂಪನಿಯ ಪ್ರಚಾರದ ಹುಡುಗಿ, ನಮ್ಮ ಮಗಳ ಗೆಳತಿಯ ಗೆಳತಿ, ಫೋನ್ ಮಾಡಿದಳು. ಅವಳ ಪುಟದಲ್ಲಿ ಮುಂಚೂಣಿ, ಕ್ರಾಂತಿಕಾರಿ, ಅಪ್ರತಿಮ, ವಿಶ್ವದರ್ಜೆ ಎಂದು ಮಂಗಳಾರತಿಯ ಸಾಲುಗಳಂತೆ ಹರಿದಿತ್ತು. "ತಾಯಿ, ನಮ್ಮ ಮೇಷ್ಟ್ರು ಹೇಳುತ್ತಿದ್ದರು, ವಿಶೇಷಣ ತೆಗೆದ ಮೇಲೂ ವಾಕ್ಯ ನಿಂತರೆ ಅದು ವಾಕ್ಯ. ನಾನು ತೆಗೆಯುತ್ತೇನೆ, ನೋಡು" ಅಂದೆ.

ತೆಗೆದೆ. ಎರಡು ಪುಟ ಹೋಗಿ ಒಂದು ಸಾಲು ಉಳಿಯಿತು: 'ಇದು ವರ್ತೂರಿನಲ್ಲಿರುವ ಒಂದು ಕಂಪನಿ.'

"ಸಾರ್, ನಾವೇನ್ ಮಾಡ್ತೀವಿ ಅನ್ನೋದೇ ಹೋಗ್ಬಿಡ್ತಲ್ಲಾ!"

"ಏನು ಮಾಡುತ್ತೀರಮ್ಮ? ಹೇಳು, ಸೇರಿಸೋಣ."

ಫೋನಿನಲ್ಲಿ ಕಾಗದ ತಿರುವಿಹಾಕುವ ಸದ್ದು ಕೇಳಿಸಿತು.

"ಸಾರ್, ಒಂದ್ನಿಮಿಷ, ಫೌಂಡರ್‌ನ ಕೇಳಿ ಹೇಳ್ತೀನಿ."

ವಾರ ಬಿಟ್ಟು ಮತ್ತೆ ಫೋನ್ ಬಂತು. "ಸಾರ್, ಕೇಳ್ದೆ. ಅವರಿಗೂ ಅದೇ ಡೌಟ್ ಬಂದು, ಇವತ್ತು ಮಧ್ಯಾಹ್ನ ಎಲ್ಲರನ್ನೂ ಮೀಟಿಂಗಿಗೆ ಕರ್ದಿದಾರೆ. ಆ ಸಾಲಲ್ಲಿ 'ವರ್ತೂರು' ಅನ್ನೋದೊಂದು ಹಂಗೇ ಇರ್ಲಿ ಸಾರ್, ಅದು ಗ್ಯಾರಂಟಿ."

ಅಳಿಸಿ

ಇತ್ತ ಮರಿಸ್ವಾಮಣ್ಣ ದಿನಕ್ಕೊಂದು ಕಾಗದ ತರುತ್ತಿದ್ದರು. ಗುಡಿಯ ಸ್ಮರಣ ಸಂಚಿಕೆಯಲ್ಲಿ ನಮ್ಮ ಕಾರ್ಖಾನೆಯ ಶುಭಾಶಯ; ಅದು ನಾವೇ ಕೊಟ್ಟದ್ದು, ನಡೆಯುವುದಿಲ್ಲ. ಆಯುಧಪೂಜೆಯ ಫೋಟೋ, ತೆಗೆದವನು ನಮ್ಮ ಎಲೆಕ್ಟ್ರಿಷಿಯನ್, ನಡೆಯುವುದಿಲ್ಲ. ಕೊನೆಗೆ ಒಂದು ದಿನ ದೇವರ ಪಟದ ಹಿಂದಿನಿಂದ ತೆಗೆದ ಎರಡು ಪತ್ರಿಕೆಯ ತುಣುಕುಗಳನ್ನು ಹಿಡಿದು ಓಡೋಡಿ ಬಂದರು. ನಮ್ಮ ಸ್ಟೋರಿನಲ್ಲಿ ಒಮ್ಮೆ ಹಾವು ಹಿಡಿದದ್ದು ಎರಡು ಪತ್ರಿಕೆಯಲ್ಲಿ ಬಂದಿತ್ತು. ಕನ್ನಡಕ ಒರೆಸಿಕೊಂಡು ಓದಿದೆ. 'ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೇರೆಹಾವು.' ಎರಡರಲ್ಲೂ ಅಷ್ಟೇ.

"ಅಲ್ಲಾ, ಹಾವಿನ ಜಾತಿ ಬರ್ದವ್ರೆ, ನಮ್ಮ ಹೆಸ್ರು ಬರ್ದಿಲ್ವಲ್ಲೋ!"

"ಅಣ್ಣ, ನಿಯಮದ ಪ್ರಕಾರ ಹಾವಿಗೆ ಪುಟ ಬರೆಯಬಹುದು."

ಆದರೂ ಮನಸ್ಸು ತಡೆಯದೆ ನಾನೇ ಕಾರ್ಖಾನೆಯ ಮೇಲೆ ಒಂದು ಪುಟ ಬರೆದೆ. ಎರಡೇ ದಿನ. ಮುಖ ಕಾಣದ ಯಾರೋ ಒಬ್ಬರು ಅದನ್ನು ಅಳಿಸಬೇಕೆಂದು ಸೂಚಿಸಿದರು. ಕಾರಣವನ್ನು ಬಹಳ ವಿನಯದಿಂದ, ನಾನು ಹಿಂದೆ ಬೇರೆಯವರಿಗೆ ಬರೆದಿದ್ದ ಮಾತಿನಲ್ಲೇ ಬರೆದಿದ್ದರು: 'ಮಾಜಿ ನೌಕರರ ನೆನಪು ಮೂಲವಾಗುವುದಿಲ್ಲ.' ಕಾಗುಣಿತ ಕೂಡ ಸರಿಯಾಗಿತ್ತು.

ಪಂಪಿನವರಿಗೊಂದು ನ್ಯಾಯ, ನಮಗೊಂದು ನ್ಯಾಯ ಮಾಡಿದರೆ ಸಂಜೆ ದೇವರ ಮುಂದೆ ಯಾವ ಮುಖ ಇಟ್ಟುಕೊಂಡು ದೀಪ ಹಚ್ಚಲಿ? ಅಭಿಪ್ರಾಯದ ಜಾಗದಲ್ಲಿ 'ಅಳಿಸಿ' ಎಂದು ಬರೆದು ಸಹಿ ಹಾಕಿದೆ. ಹಿಂದೆ ನಿಂತಿದ್ದ ನಮ್ಮ ಮನೆಯವಳು ಓದಿ ಕೇಳಿದಳು, "ಯಾರನ್ನ ಅಳಿಸ್ತಾ ಇದೀರಿ?"

"ಮರಿಸ್ವಾಮಣ್ಣನ್ನ."

"ಶುರು ನಿಮ್ಮಿಂದಲೇ ಆದ ಹಾಗಿದೆ" ಅಂದು ಕಣ್ಣೊರೆಸಿಕೊಳ್ಳಲು ಸೆರಗಿನ ತುದಿ ಕೊಟ್ಟಳು.

ಕೂರಲಾರದವರು

ಮರಿಸ್ವಾಮಣ್ಣನಿಗೆ ಹೇಳಿದೆ. ಅವರು ಬೈಯಲಿಲ್ಲ. "ಓಗ್ಲಿ ಬಿಡು. ಆ ಬೋರ್ಡನ್ನಾದ್ರೂ ಕೇಳಿ ತರೋಣ, ನಡಿ" ಅಂದರು. ಮಾಕಳಿಯಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರು ಗದಗಿನ ಕಡೆಯವನು, ಸೇರಿ ಒಂದೆರಡು ವರ್ಷವಾಗಿರಬಹುದು. ಪೀಣ್ಯದೊಳಗೆ ಒಂದು ತಿರುವು ಬಂದಾಗ ಅವನು ಬಾಗಿಲಿಗೆ ಬಂದು ಗಟ್ಟಿಯಾಗಿ ಕೂಗಿದ:

"ವಿಷಲ್ ಫ್ಯಾಕ್ಟ್ರಿ! ಯಾರ್ರೀ ವಿಷಲ್ ಫ್ಯಾಕ್ಟ್ರಿ? ಲಗೂನ ಇಳೀರಿ!"

ಮರಿಸ್ವಾಮಣ್ಣ ಕಂಬ ಹಿಡಿದು ನಿಂತುಬಿಟ್ಟರು. "ಏನಪ್ಪಾ, ಇಲ್ಲಿ ಫ್ಯಾಕ್ಟ್ರಿ ಐತಾ?"

"ಯಾವ ಫ್ಯಾಕ್ಟ್ರಿರೀ ಯಜಮಾನ್ರ? ನಾ ಅಂತೂ ನೋಡಿಲ್ಲ."

"ಮತ್ತೆ ಆ ಹೆಸ್ರು ಯಾಕೆ?"

"ಇಲ್ಲಿ ರೋಡ್ ತಿರುವು ಐತಲ್ರಿ. ನಾವೆಲ್ಲಾ ವಿಷಲ್ ಹೊಡೀತೀವಿ, ಅದಕ್ಕಿರಬೇಕು" ಅಂದು ಪುರ್ರೆಂದು ಊದಿದ.

ಇಳಿದ ಕೂಡಲೇ ಮರಿಸ್ವಾಮಣ್ಣ ನನ್ನ ತೋಳು ಹಿಡಿದರು. "ಅವನಿಗೂ ನಮಗೂ ಏನಾದ್ರೂ ಸಂಬಂಧ ಐತಾ?"

"ಇಲ್ಲ."

"ನಾವೇಳ್ಕೊಟ್ವಾ?"

"ಇಲ್ಲ. ಆದರೆ ಅಣ್ಣ, ಕೂಗಿದರೆ ಸಾಲದು, ಬರೆದಿರಬೇಕು."

ಅವರು ಜೇಬಿನಿಂದ ಟಿಕೆಟ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. 'ಮಾಕಳಿಯಿಂದ ವಿಷಲ್ ಫ್ಯಾಕ್ಟ್ರಿ' ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಿಯಮದಲ್ಲಿ ಟಿಕೆಟ್ಟಿನ ಬಗ್ಗೆ ಓದಿದ ನೆನಪು ನನಗಿರಲಿಲ್ಲ. ಬೋರ್ಡು ಕೇಳಲು ಗೇಟಿನ ತನಕ ಹೋದೆವು. ಚರಂಡಿ ದಾಟುತ್ತಿದ್ದವರನ್ನು ಅವರು ಸ್ವಲ್ಪ ಹೊತ್ತು ನೋಡಿ, "ಬ್ಯಾಡ, ತೆಗೆದ್ರೆ ಯಾರಾದ್ರೂ ಬೀಳ್ತಾರೆ. ಇನ್ನೂ ಡ್ಯೂಟೀಲವ್ನೆ" ಅಂದು ಹಿಂದಿರುಗಿದರು.

ವಾಪಸು ಸಿಕ್ಕಿದ್ದೂ ಅದೇ ಬಸ್ಸು, ಅದೇ ಕಂಡಕ್ಟರು. 'ವಿಷಲ್ ಫ್ಯಾಕ್ಟ್ರಿಯಿಂದ ಮಾಕಳಿ' ಎಂದು ಎರಡನೆಯ ಟಿಕೆಟ್ ಕೈಗೆ ಬಂತು. ಮರಿಸ್ವಾಮಣ್ಣ ಎರಡನ್ನೂ ಜೋಡಿಸಿ ಕಣ್ಣಿಗೊತ್ತಿಕೊಂಡರು. ಬಸ್ಸು ಖಾಲಿಯಿದ್ದರೂ ಕೂರಲೊಲ್ಲರು. ಆ ಕಂಬದಿಂದ ಈ ಕಂಬಕ್ಕೆ, ಈ ಕಂಬದಿಂದ ಆ ಕಂಬಕ್ಕೆ ಓಡಾಡುತ್ತಿದ್ದಾರೆ.

"ಯಜಮಾನ್ರ, ಸೀಟು ಖಾಲಿ ಅದಾವು, ಕೂಡ್ರಿ" ಅಂದ ಕಂಡಕ್ಟರು.

"ಎಂಗಪ್ಪಾ ಕೂರ್ಲಿ? ಎರಡು ಮೂಲ ಒಂದೇ ದಿನ ಬಂದೈತೆ!"

ಕಂಡಕ್ಟರನ ಮುಖ ಮರುಕದಿಂದ ಕರಗಿತು. ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ, "ನಮ್ಮ ಮಾವಗೂ ಇತ್ರಿ, ಅದೂ ಒಂದ. ಖಾರ ಬಿಟ್ಟು ಮಜ್ಜಿಗಿ ಕುಡೀರಿ. ನಿಂತಕೊಂಡ ಬರ್ರಿ, ಡ್ರೈವರಗ ಹಗೂರಕ ಹೊಡಿ ಅಂತೀನಿ." ಮಾಕಳಿಯವರೆಗೆ ಬಸ್ಸು ಒಂದು ಗುಂಡಿಗೂ ಇಳಿಯಲಿಲ್ಲ.

ಆ ಟಿಕೆಟ್ಟುಗಳು ಈಗ ಮರಿಸ್ವಾಮಣ್ಣನ ದೇವರ ಪಟದ ಹಿಂದೆ, ಹಾವಿನ ಪಕ್ಕದಲ್ಲಿವೆ. ಆದರೆ ಬಸ್ ಟಿಕೆಟ್ಟಿನ ಅಕ್ಷರ ಬೇಗ ಮಾಸುತ್ತದೆ, ಪುಟ ಮೊದಲೇ ಹೋಯಿತು, ಮಾಜಿ ನೌಕರನಾದ ನನ್ನ ಮಾತಂತೂ ನಡೆಯುವುದಿಲ್ಲ. ನಿಮಗೂ ಆ ಕಾರ್ಖಾನೆಗೂ ಯಾವ ಸಂಬಂಧವೂ ಇಲ್ಲವಲ್ಲ, ಹಾಗಾಗಿ ಕೇಳಿಕೊಳ್ಳುತ್ತೇನೆ: ಎಲ್ಲಾದರೂ ಕುಕ್ಕರ್ ಕೂಗಿದಾಗ ಪಕ್ಕದಲ್ಲಿದ್ದವರಿಗೆ ಈ ಕಥೆ ಹೇಳಿ. ಕಡಿಮೆಯೆಂದರೆ ಇಬ್ಬರಿಗೆ.