ವೈರಸ್ ಪಾಠದ ಅಂಟಿದ ಹಾಳೆಗಳು

ನಕಲು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಊರು ಸೊರಬವಾದರೂ ಶಿಕಾರಿಪುರದ ಕಾಲೇಜೊಂದರಲ್ಲಿ ಹದಿನೆಂಟು ವರ್ಷದಿಂದ ಜೀವಶಾಸ್ತ್ರ ಹೇಳುತ್ತಿದ್ದೇನೆ. ಸ್ವಂತ ತಲೆ ಓಡಿಸಿ ಬರೆದ ಒಬ್ಬ ಪುಣ್ಯಾತ್ಮನೂ ಸಿಕ್ಕಿರಲಿಲ್ಲ. ನಾನು ಬರೆಸಿದ ನೋಟ್ಸು ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯ ಮೂಲಕ ಹಿರಿಯರಿಂದ ಕಿರಿಯರಿಗೆ ಇಳಿದು ಬರುತ್ತದೆ. ನಾನು ಕೆಮ್ಮಿದ್ದನ್ನೂ ಅದರಲ್ಲಿ ಬರೆದುಕೊಂಡಿದ್ದಾರೋ ಏನೋ! ವೈರಸ್ಸಾದರೂ ವಾಸಿ. ಪರರ ಜೀವಕೋಶಕ್ಕೆ ನುಗ್ಗಿ ತನ್ನ ಡಿಎನ್‌ಎ ನಕಲು ಮಾಡಿಸಿಕೊಳ್ಳುವಾಗ ಆಗಾಗ ಏನಾದರೂ ಬದಲಾಯಿಸುತ್ತದೆ. ನಮ್ಮವರಿಗೆ ಅಷ್ಟೂ ಉಮೇದಿಲ್ಲ.

ಈ ಸಲದ ಕಿರುಪರೀಕ್ಷೆಯಲ್ಲಿ, ವೈರಸ್ಸು ತನ್ನ ಡಿಎನ್‌ಎ ನಕಲು ಮಾಡಿಸಲು ಬಳಸುವ ಜೀನ್ ಕೆಟ್ಟರೆ ಸೋಂಕಿದ ಜೀವಕೋಶದಲ್ಲಿ ಏನಾಗುತ್ತದೆ ಎಂದು ಕೇಳಿದ್ದೆ. ಇಡೀ ತರಗತಿ ಒಂದೇ ಸಾಲು ಬರೆದಿತ್ತು: 'ಜೀವಕೋಶವು ತನ್ನ ಡಿಎನ್‌ಎ ನಕಲನ್ನು ನಿಲ್ಲಿಸುತ್ತದೆ.' ಕುಬಟೂರಿನ ಸುಮಾ ಒಬ್ಬಳೇ, 'ವೈರಸ್ಸಿನ ಡಿಎನ್‌ಎ ನಕಲಾಗದು, ಜೀವಕೋಶದ್ದು ನಡೆಯಬಹುದು' ಎಂದಿದ್ದಳು. ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, 'ನೋಟ್ಸ್ ಓದು' ಎಂದು ಬರೆದೆ. ಯಾವಾಗಲೂ ಮೊದಲು ಬರುತ್ತಿದ್ದ ಹುಡುಗಿ ಏಳನೆಯವಳಾದಳು.

ಮಧ್ಯಾಹ್ನ ಅವಳು ಪಠ್ಯಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಬಂದಳು. ಕಣ್ಣು ಕೆಂಪಾಗಿತ್ತು. "ಸರ್, ಪುಸ್ತಕದಲ್ಲಿ ಬೇರೆ ಥರ ಇದೆ. ನಿಮ್ಮ ನೋಟ್ಸಲ್ಲಿ ಏನೋ ಬಿಟ್ಟೋಗಿದೆ ಅನ್ಸ್ತದೆ. ಒಂದ್ಸಲ ನೋಡ್ತೀರಾ?"

"ಹದಿನೆಂಟು ವರ್ಷದ ನೋಟ್ಸಮ್ಮ ಅದು!" ಎಂದು ಗದರಿ, ಅವಳ ಬಾಯಿ ಮುಚ್ಚಿಸಲೆಂದೇ ನನ್ನ ಹಳೆಯ ನೋಟ್‌ಬುಕ್ ತೆರೆದೆ. ಎಂದೋ ಚೆಲ್ಲಿದ ಚಹಾದಿಂದ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರು ಹಾಕಿ ಬಿಡಿಸಿದರೆ ಒಳಗೆ ಸುಮಾಳ ಉತ್ತರವೇ ಇತ್ತು, ನನ್ನದೇ ಅಕ್ಷರದಲ್ಲಿ. ಅಂಟಿದ ಹಾಳೆಗಳ ಈಚೆಯ ಪುಟದ ಅರ್ಧ ವಾಕ್ಯಕ್ಕೆ ಆಚೆಯ ಪುಟದ ಅರ್ಧ ವಾಕ್ಯ ಸೇರಿಸಿ ವರ್ಷಗಟ್ಟಲೆ ಓದಿ ಬರೆಸಿದ್ದೆ.

ಅವಳ ಅಂಕ ಅವಳಿಗೆ ಕೊಟ್ಟೆ. ಮರುದಿನ ತರಗತಿಯಲ್ಲಿ ತಪ್ಪೊಪ್ಪಿಕೊಂಡು, ಸರಿಯಾದದ್ದನ್ನು ಬರೆದುಕೊಳ್ಳಿ ಎಂದೆ. ಸುಮಾಳದ್ದು ಬಿಟ್ಟರೆ ಒಂದು ಪೆನ್ನೂ ಅಲುಗಲಿಲ್ಲ. ಹಿಂದಿನ ಬೆಂಚಿನ ಬಸವರಾಜ ಎದ್ದು ನಿಂತ. "ಬಿಡ್ರಿ ಸರ್, ಹಳೇದು ಬಾಯಿಪಾಠ ಆಗೈತೆ. ಪೇಪರ್ ನೋಡೋರು ನೀವೇ ಅಲ್ರೀ?"

"ಅರ್ಥ ಮಾಡಿಕೊಳ್ಳದೆ ನಕಲು ಹೊಡೆಯೋ ಮೂರ್ಖರಾ..." ಎಂದು ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿದೆ. ಮೊದಲ ಬೆಂಚಿನಿಂದ ಸುಮಾ ನನ್ನ ಕೈಯಲ್ಲಿದ್ದ ಚಹಾ ಕಲೆಯ ನೋಟ್‌ಬುಕ್ಕನ್ನೇ ನೋಡುತ್ತಿದ್ದಳು.