ಓನರ್ ಕಿವಿಗೆ ಕೇಳಿಸಿದ ಕೊಳಲು

ಗೋವಿಂದರಾಜನಗರದ ಮಹದೇವನ ಕಷ್ಟ ಶುರುವಾದದ್ದು ಮನೆ ಓನರ್ ಶ್ರೀರಾಮರ ಕಿವಿಯಿಂದ. ಮಹದೇವ ಕೆಳಮನೆಯ ಬಾಡಿಗೆದಾರ, ಲೇತ್ ಕೆಲಸಗಾರ. ಸಂಜೆ ಏಳಕ್ಕೆ ಕೈಯ ಗ್ರೀಸು ತೊಳೆದು ಹಳೇ ಸಿ.ಡಿ. ಪ್ಲೇಯರ್ ಹಾಕುತ್ತಿದ್ದ. ಇದ್ದದ್ದು ಒಂದೇ ಡಿಸ್ಕು; ತಂಗಿಯ ಮದುವೆಯಲ್ಲಿ ಅವ್ವ ಚಿಕ್ಕಗಂಗಮ್ಮ ಹಾಡಿದ ಸೋಬಾನೆ. ಅವ್ವ ಹೋಗಿ ನಾಲ್ಕು ವರ್ಷ. ದನಿ ಉಳಿದದ್ದು ಅದರಲ್ಲಿ ಮಾತ್ರ.

ಮೇಲ್ಮನೆಯ ಶ್ರೀರಾಮರು ನಿವೃತ್ತರಾದ ಮೇಲೆ ಡ್ಯಾಕ್ ಎಂಬ ಪುಟ್ಟ ಪೆಟ್ಟಿಗೆ ತರಿಸಿದ್ದರು. ಡಿಸ್ಕಿನಲ್ಲಿ ಅಂಕಿಗಳಾಗಿ ಕೂತ ಹಾಡನ್ನು ಮತ್ತೆ ನಾದ ಮಾಡುವ ಕೆಲಸ ಪ್ಲೇಯರಿನ ಹೊಟ್ಟೆಯೊಳಗೂ ನಡೆಯುತ್ತದೆ. ಆದರೆ ಹೊರಗೆ, ಪ್ರತ್ಯೇಕ ಪೆಟ್ಟಿಗೆಯಲ್ಲಿ ನಡೆದರೇ ಶುದ್ಧ ಎಂಬುದು ಅವರ ಮತ. ಮಡಿ ಅಡುಗೆಮನೆಯಿಂದ ಹೊರಟು ಸ್ಟೀರಿಯೋವರೆಗೂ ಬಂದಿತ್ತು.

"ನಿನ್ನ ಡಬ್ಬದ ಸದ್ದು ಮೇಲಕ್ಕೆ ಹತ್ತುತ್ತಪ್ಪಾ, ಕಿವಿ ಕೆಡ್ತಿದೆ," ಎಂದರು. "ಭಾನುವಾರ ಸ್ನೇಹಿತ್ರು ಬರ್ತಾರೆ. ನಿನ್ನ ಡಬ್ಬ, ನನ್ನ ಡ್ಯಾಕ್ ಎರಡನ್ನೂ ಕೇಳಿಸೋಣ. ನಿಂದೂ ಅಷ್ಟೇ ಚೆನ್ನಾಗಿದೆ ಅಂದ್ರೆ ಹಾಕ್ಕೋ. ಇಲ್ಲಾಂದ್ರೆ ಈ ಮನೇಲಿ ಅದು ಬೇಡ."

ಬಾಡಿಗೆ ಅಗ್ರಿಮೆಂಟ್ ಮುಗಿಯಲು ಒಂದೇ ತಿಂಗಳಿತ್ತು. ಮಹದೇವ ತಲೆಯಾಡಿಸಿದ.

ಫೋನನ್ನೇ ಡ್ಯಾಕ್‌ಗೆ ಸಿಕ್ಕಿಸಿ ಸಂಗೀತ ಕೇಳುವ ಶ್ರೀರಾಮರ ಬಳಿ ಪ್ಲೇಯರೂ ಇರಲಿಲ್ಲ, ಡಿಸ್ಕೂ ಇರಲಿಲ್ಲ. ಭಾನುವಾರ ಬೆಳಗ್ಗೆ ಮಹದೇವನೇ ಎರಡನ್ನೂ ಹೊತ್ತು ಮೇಲೆ ಹೋದ. ಪ್ಲೇಯರಿನ ಒಂದು ವೈರು ನೇರ ಆಂಪ್ಲಿಫೈಯರಿಗೆ, ಇನ್ನೊಂದು ಡ್ಯಾಕ್ ಮೂಲಕ. ಸೋಫಾದ ಹಿಂದೆ ಕುಕ್ಕರುಗಾಲಲ್ಲಿ ಕೂತು, ಆಂಪ್ಲಿಫೈಯರಿನ ಗುಂಡಿ ತಿರುಗಿಸಿ ಒಂದರಿಂದ ಇನ್ನೊಂದಕ್ಕೆ ಬದಲಿಸುವುದೂ ಅವನ ಪಾಲಿಗೇ ಬಂತು. ಅತಿಥಿಗಳಾದ ನಾಣಿ, ರಾಗಿಣಿ ಇಬ್ಬರೂ ಹೆಣ ಕಾಯುವವರ ಹಾಗೆ ಗಂಭೀರವಾಗಿ ಕಣ್ಣು ಮುಚ್ಚಿದರು.

ಮೊದಲು ನೇರ ಪ್ಲೇಯರ್. ಅವ್ವ ಹಾಡಿದಳು. ನಾಣಿ ತಗಡು ಎಂದರು. ರಾಗಿಣಿಗೆ ಆ ಕಂಠದಲ್ಲಿ ಸೀಮೆಎಣ್ಣೆ ವಾಸನೆ ಬಂತು.

ಎರಡನೆಯ ಸರದಿಗೆ ಮಹದೇವ ನೋಡಿದರೆ ಡ್ಯಾಕ್ ದೀಪವೇ ಆರಿತ್ತು. ಇಡ್ಲಿಗೆ ಚಟ್ನಿ ರುಬ್ಬಲು ಓನರ್ ಹೆಂಡತಿ ಸತ್ಯವತಿ ಅದರ ಪ್ಲಗ್ ಕಿತ್ತು ಮಿಕ್ಸಿಯದನ್ನು ಸಿಕ್ಕಿಸಿದ್ದರು. ಸಾರ್ ಎಂದು ಪಿಸುಗುಟ್ಟಿದ. ಶ್ರೀರಾಮರು ಕಣ್ಣು ಮುಚ್ಚಿಕೊಂಡೇ ತುಟಿಗೆ ಬೆರಳಿಟ್ಟರು. ಬೇರೆ ದಾರಿಯಿಲ್ಲದೆ ಗುಂಡಿ ತಿರುಗಿಸದೆ ಅದೇ ಹಾಡನ್ನು ಮೊದಲಿಂದ ಹಾಕಿದ.

ನಾಣಿ ನಿಟ್ಟುಸಿರು ಬಿಟ್ಟರು. ರಾಗಿಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಆ ಕೊಳಲು ಕೇಳಿದ್ರಾ?" ಎಂದರು ಶ್ರೀರಾಮರು. "ಮೊದಲ್ನೇ ಸಲ ಇರ್ಲೇ ಇಲ್ಲ."

"ಸಾರ್, ಅದು ಮದ್ವೆ ಮನೆ ಕುಕ್ಕರ್ ಕೂಗಿದ್ದು," ಎಂದ ಮಹದೇವ. "ನಿಮ್ ಡ್ಯಾಕ್ ಪ್ಲಗ್ ಅಮ್ಮಾವ್ರು ಚಟ್ನಿಗೆ ಕಿತ್ತಿದಾರೆ. ಎರಡು ಸಲಾನೂ ಹಾಡಿದ್ದು ನನ್ನ ಪ್ಲೇಯರ್ರೇ."

ಅತಿಥಿಗಳಿಗೆ ತಕ್ಷಣ ಇಡ್ಲಿಯ ನೆನಪಾಯಿತು. ಗೆದ್ದೆನೆಂದು ಮಹದೇವನ ಎದೆ ಒಂದು ಗಳಿಗೆ ಉಬ್ಬಿತು.

ಶ್ರೀರಾಮರು ಪ್ಲೇಯರಿನ ಸುತ್ತ ಎರಡು ಸುತ್ತು ಹಾಕಿದರು. ನಾಚಿಕೆ ಅವರ ಮುಖದ ಹತ್ತಿರವೂ ಸುಳಿಯಲಿಲ್ಲ.

"ಹಾಗಾದ್ರೆ ಇದು ಸಾಮಾನ್ಯದ್ದಲ್ಲ ಕಣಪ್ಪಾ. ನಂಗೆ ಮೊದಲೇ ಅನುಮಾನ ಇತ್ತು. ಇಂಥದ್ದು ಕೆಳಗಡೆ ಧೂಳಲ್ಲಿ ಇರಬಾರ್ದು, ಇಲ್ಲೇ ಇರ್ಲಿ. ನೀನು ಗೆದ್ದಿದೀಯಲ್ಲ, ಡ್ಯಾಕ್ ತಗೊಂಡ್ಹೋಗು. ಅಗ್ರಿಮೆಂಟ್ ವಿಷಯ ನಾಳೆ ಮಾತಾಡೋಣ."

ಸಂಜೆ ಏಳಕ್ಕೆ ಮಹದೇವ ಕೈ ತೊಳೆದು ಡ್ಯಾಕ್ ಮುಂದೆ ಕೂತ. ಅದರ ನೀಲಿ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಡಿಸ್ಕು ಹಾಕಲು ಅದಕ್ಕೆ ಬಾಯೇ ಇರಲಿಲ್ಲ. ಡಿಸ್ಕೂ ಪ್ಲೇಯರಿನೊಳಗೇ ಮೇಲೆ ಉಳಿದಿತ್ತು.

ಚಾವಣಿಯಿಂದ ಅವ್ವನ ದನಿ ಇಳಿದು ಬಂತು. ಅವಳು ಮದುಮಗಳ ಹೆಸರು ಹೇಳುವ ಮೊದಲೇ ಹಾಡು ನಿಂತಿತು. ಹೊಸ ಅತಿಥಿಯೊಬ್ಬರಿಗೆ ಶ್ರೀರಾಮರು ಕುಕ್ಕರ್ ಕೂಗುವ ಜಾಗವನ್ನೇ ಮತ್ತೆ ಮತ್ತೆ ಹಾಕಿ ಕೇಳಿಸುತ್ತಿದ್ದರು.

"ಕೊಳಲು ಕೇಳಿ, ಕೊಳಲು."