ಮೂರು ಬಿಟ್ಟಿದೆ

ಸುಳ್ಳು ಹೇಳಿದ್ದು ಅಂಥ ದೊಡ್ಡ ತಪ್ಪಲ್ಲ. ಅದಕ್ಕೊಂದು ಸಂಖ್ಯೆ ಸೇರಿಸಿದ್ದು ತಪ್ಪು. ಗಡಿಯಾರ ರಿಪೇರಿಯವನಿಗೆ ಇದು ಹೊಳೆಯುವ ಹೊತ್ತಿಗೆ ಆ ಕಡೆಯವರು ಫೋನು ಇಟ್ಟಾಗಿತ್ತು.

ಆ ಕಡೆಯವರೆಂದರೆ ಬಾಡಿಗೆ ಮನೆಯ ಒಡತಿ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತರಾದವರು. ಈಗ ಊರಿನ ಇನ್ನೊಂದು ತುದಿಯಲ್ಲಿ ತಂಗಿಯ ಜತೆಗಿದ್ದರು. ಅವರು "ಹೇಗಿದ್ದೀರಿ" ಎಂದರೆ ಎದುರಿಗಿದ್ದವರು ತಾವಾಗಿಯೇ ನಾಲಿಗೆ ಹೊರಚಾಚುವಂಥ ದನಿ.

"ಸಂಜೆ ಐದಕ್ಕೆ ಬರ್ತೀನಿ. ಮನೆ ವಿಷಯ ಸ್ವಲ್ಪ ಮಾತಾಡೋದಿದೆ. ಗುಲಾಬಿ ಹೇಗಿದೆ?"

"ಚೆನ್ನಾಗಿದೆ ಅಮ್ಮ."

"ಬಿಟ್ಟಿದೆಯಾ?"

"ಬಿಟ್ಟಿದೆ."

"ಎಷ್ಟು?"

ಇಲ್ಲಿ 'ಅಷ್ಟೋ ಇಷ್ಟೋ' ಎಂದು ತೇಲಿಸಬಹುದಿತ್ತು. ಆದರೆ ಗಂಟೆ ಎಷ್ಟೆಂದು ಕೇಳಿದರೆ ಒಂಬತ್ತಾಯಿತು ಎನ್ನದೆ ಒಂಬತ್ತು ಹದಿನೇಳು ಎನ್ನುವ ಜಾತಿಯವನು ಅವನು. "ಮೂರು" ಎಂದುಬಿಟ್ಟ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. "ಗಿಡ ಮೂರು ಬಿಟ್ಟಿದೆಯೋ ಇಲ್ವೋ, ನೀವಂತೂ ಮೂರೂ ಬಿಟ್ಟವರು. ಹೇಳೋದೇ ಆದ್ರೆ ಒಂದು ಅಂದಿದ್ರೆ ಸಾಲದಾಗಿತ್ತಾ? ಒಂದಾದ್ರೆ ಉದುರಿಹೋಯ್ತು ಅನ್ನಬಹುದಿತ್ತು."

ಇಬ್ಬರೂ ಹಿತ್ತಿಲಿಗೆ ಹೋಗಿ ನಿಂತರು. ಒಂಬತ್ತಡಿ ಉದ್ದ, ಆರಡಿ ಅಗಲದ ಮಣ್ಣು. ಮೂರು ಕಡೆ ಗೋಡೆ, ಮೇಲೆ ಅರ್ಧಕ್ಕೆ ಚಾಚಿದ ಪಕ್ಕದವರ ತಗಡಿನ ಮಾಡು. ಮಧ್ಯಾಹ್ನದ ಮೇಲೆ ಬಿಸಿಲು ಒಳಗೆ ಬಂದರೆ ಹೊರಗೆ ಹೋಗಲು ದಾರಿ ತಿಳಿಯದೆ ಅಲ್ಲೇ ಸುತ್ತುತ್ತಿತ್ತು. ಮೂಲೆಯಲ್ಲಿ ಒಡತಿಯ ಗುಲಾಬಿ ನಿಂತಿತ್ತು, ಅಂದರೆ ಐದು ಒಣಕಡ್ಡಿ ನಿಂತಿದ್ದವು. ಇವರು ಈ ಮನೆಗೆ ಬಂದಾಗ ಅದರಲ್ಲಿ ತಟ್ಟೆಯಷ್ಟಗಲದ ಕಡುಗೆಂಪು ಹೂವೊಂದಿತ್ತು. "ಗಿಡ ನೋಡ್ಕೊಳ್ಳಿ" ಎಂದು ಒಡತಿ ಹೇಳಿದ್ದರು. ಅವನು ನೋಡಿಕೊಂಡಿದ್ದ. ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ, ಊಟಕ್ಕೆ ಬಂದಾಗ, ಸರಿಯಾಗಿ ಒಂದೂಕಾಲಿಗೆ ಪೈಪು ಹಿಡಿದು ನೀರು ಬಿಟ್ಟಿದ್ದ. ಬೆಳಗಿನಿಂದ ಮನೆಮುಂದಿನ ಬಿಸಿಲಲ್ಲಿ ಬಿದ್ದ ಪೈಪಿನೊಳಗಿನ ನೀರು ಆ ಹೊತ್ತಿಗೆ ಮೈ ತೊಳೆಯಲೂ ಜಾಸ್ತಿ ಬಿಸಿ ಎಂಬುದು ಅವನಿಗೆ ಮೊನ್ನೆ ಪಾದದ ಮೇಲೆ ಬಿದ್ದಾಗಲೇ ಗೊತ್ತಾದದ್ದು.

"ಒಂಬತ್ತು ವರ್ಷದಲ್ಲಿ ಇದು ಆರನೇ ಮನೆ," ಎಂದಳು ಹೆಂಡತಿ ಮೆಲ್ಲಗೆ. "ಇನ್ನೊಂದು ಸಲ ಪಾತ್ರೆ ಕಟ್ಟು ಅಂದ್ರೆ ನಾನು ಕಟ್ಟಲ್ಲ. ಹೇಳಿದೀನಿ."

ಅವಳು ಕೂಗಾಡಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಏನು ಸಭೆ?" ಎಂದು ಎದುರುಮನೆಯ ಡ್ರಿಲ್ ಮೇಷ್ಟ್ರು ಒಳಬಂದರು. ಶಾಲೆ ಬಿಟ್ಟು ಹತ್ತು ವರ್ಷವಾದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಕಡ್ಡಿಗಳನ್ನು ನೋಡಿದರು. "ಹೋಯ್ತಾ? ಸರಿ ಬಿಡಿ. ನಿಮ್ಮ ಹಿಂದೆ ಇದ್ದವರನ್ನ ಯಾಕೆ ಬಿಡಿಸಿದ್ರು ಗೊತ್ತಲ್ಲ? ಇದೇ. ಗಿಡ ಒಣಗಿತ್ತು. ಒಂದೇ ವಾರ, ಖಾಲಿ."

"ಹೌದಾ ಮೇಷ್ಟ್ರೇ?"

"ಮತ್ತೆ? ಕಣ್ಣಾರೆ ನೋಡಿದೀನಿ, ಲಾರಿ ಬಂದಿದ್ದು."

ಗೋಡೆಯಾಚೆಯಿಂದ ಹೊಲಿಗೆ ಯಂತ್ರದ ಸದ್ದು ನಿಂತಿತು. ದರ್ಜಿ ಅಕ್ಕನ ತಲೆ ಮೇಲೆದ್ದಿತು. ಬಾಯಲ್ಲಿ ನಾಲ್ಕು ಗುಂಡುಸೂಜಿ, ಕೊರಳಲ್ಲಿ ಅಳತೆಯ ಟೇಪು. ಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವರಿಗೆ. "ಕೆಂಪು ಸ್ಯಾಟಿನ್ ತುಂಡಿದೆ, ಮೂರು ಹೂವು ಹೊಲಿದುಕೊಡ್ಲಾ? ಐದು ನಿಮಿಷ. ದೂರದಿಂದ ಗೊತ್ತಾಗಲ್ಲ."

"ಅವರು ಮೂಸಿ ನೋಡಿದ್ರೆ ಅಕ್ಕಾ?"

"ಅತ್ತರು ಹಾಕಿದ್ರಾಯ್ತು."

"ಮೊದಲು ಜೀವ ಇದೆಯಾ ನೋಡಿ," ಎಂದು ಮೇಷ್ಟ್ರು ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿರಲಿಲ್ಲ. ಎರಡನೆಯದನ್ನು ಕೆರೆದರು, ಐದನ್ನೂ ಕೆರೆದರು. "ಬೇರು ನೋಡೋಣ," ಎಂದವರೇ ಕೈಗೆ ಟವೆಲು ಸುತ್ತಿಕೊಂಡು, ಯಾರೂ ಬೇಡವೆನ್ನುವ ಮೊದಲೇ, ಹಗ್ಗಜಗ್ಗಾಟದವರ ಹಾಗೆ ಕಾಲೂರಿ ಎಳೆದರು. ಗಿಡ ಹಲ್ಲು ಕಿತ್ತ ಸದ್ದು ಮಾಡಿ ಹೊರಬಂತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದರು. "ನಾನು ಹೇಳಿರ್ಲಿಲ್ವಾ? ಸತ್ತಿದೆ."

ಈಗ ಸ್ಯಾಟಿನ್ ಹೂ ಕಟ್ಟಲು ಕಡ್ಡಿಯೂ ಇರಲಿಲ್ಲ. ಗಂಟೆ ಹತ್ತು ಐವತ್ತೆರಡು.

ಗಿಡ ಮಾರುವ ಜಾಗ ಬಸ್ಸಿನಲ್ಲಿ ಒಂದೂಮುಕ್ಕಾಲು ಗಂಟೆಯ ದಾರಿ. ನಡೆಸುತ್ತಿದ್ದಾಕೆ ಮೊಣಕಾಲವರೆಗೆ ಮಣ್ಣಿನವಳು. ಗಿರಾಕಿಗೆ ಏನು ಬೇಕೆಂದು ಕೇಳುವವಳಲ್ಲ. ಗಿರಾಕಿಗೆ ಏನಾಗಿದೆ ಎಂದು ಕೇಳುವವಳು.

"ದೊಡ್ಡ ಹೂವು ಬಿಡೋ ಗುಲಾಬಿ ಬೇಕು," ಎಂದ ಅವನು ಏದುಸಿರು ಬಿಡುತ್ತ. "ಕಡುಗೆಂಪು. ಒಂದು ಸಲ ಬಿಟ್ಟು ಸುಮ್ಮನಾಗೋದಲ್ಲ, ವರ್ಷವಿಡೀ ಬಿಡ್ತಾ ಇರಬೇಕು. ಈಗಲೇ ಮೂರು ಬಿಟ್ಟಿರಬೇಕು."

"ಮೂರೇ ಯಾಕೆ?"

"ಹೇಳಿಬಿಟ್ಟಿದೀನಿ."

ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಜಾಗ ಎಂಥದು? ಬಿಸಿಲು ಯಾವಾಗ ಬೀಳುತ್ತೆ?"

"ಹನ್ನೆರಡೂವರೆಗೆ ಶುರುವಾಗಿ ಆರು ಹತ್ತಕ್ಕೆ ಹೋಗುತ್ತೆ. ಮೂರು ಕಡೆ ಗೋಡೆ, ಮೇಲೆ ತಗಡು."

"ಹಿತ್ತಿಲಲ್ಲ ಅದು, ಬಾಣಲೆ." ಆಕೆ ಸಾಲಿನ ನಡುವೆ ನಡೆಯತೊಡಗಿದಳು, ಇವನು ಹಿಂದೆ. "ಕಡುಗೆಂಪು ಅಲ್ಲಿಟ್ರೆ ಬಿಸಿಲು ಕುಡಿದು ಅಂಚು ಕರ್ರಗಾಗುತ್ತೆ, ಇಸ್ತ್ರಿ ಪೆಟ್ಟಿಗೆ ಮರೆತಿಟ್ಟ ಅಂಗಿ ಹಾಗೆ. ಬಣ್ಣ ತಿಳಿ ಇರಬೇಕು. ಎಸಳು ದಪ್ಪಗಿರಬೇಕು, ತುಂಬ ಇರಬೇಕು. ಎಸಳು ಕಮ್ಮಿ ಇರೋದು ಬೆಳಿಗ್ಗೆ ಮೊಗ್ಗು, ಮಧ್ಯಾಹ್ನಕ್ಕೆ ಮುದುಕಿ. ಗಿಡ ನೆಟ್ಟಗೆ ಮೇಲಕ್ಕೆ ಹೋಗೋ ಜಾತಿ ಆಗಬೇಕು. ನಿಮ್ಮ ಜಾಗದಲ್ಲಿ ಕೈಕಾಲು ಚಾಚಿದ್ರೆ ನೀವು ಬಟ್ಟೆ ಒಣಗಿಸೋದೆಲ್ಲಿ?"

ಕೊನೆಯಲ್ಲಿ ಎರಡು ಕುಂಡಗಳ ಮುಂದೆ ನಿಂತಳು. ಎಡಗಡೆ ಕಡುಗೆಂಪು, ಮಖಮಲ್ಲಿನಂತೆ, ಒಡತಿಯ ಗಿಡದ ಅವಳಿಯೇ, ಮೂರು ಹೂವು. ಬಲಗಡೆ ಕೆನೆಬಣ್ಣ, ಅಂಚಿಗೆ ಮಾತ್ರ ನಾಚಿಕೊಂಡಷ್ಟು ನಸುಗೆಂಪು, ಎರಡು ಕೈ ಸೇರಿಸಿದಷ್ಟು ದೊಡ್ಡ ಹೂವು; ಅದರಲ್ಲೂ ಮೂರು.

"ಎಡಗಡೇದು ಇವತ್ತಿಗೆ," ಎಂದಳು ಆಕೆ. "ಬಲಗಡೇದು ಬದುಕೋಕೆ. ನೀವೇ ನೋಡಿ."

ಎಡಗಡೆಯದನ್ನು ತೆಗೆದುಕೊಂಡರೆ ಸುಳ್ಳು ಸಂಪೂರ್ಣ. ಒಡತಿಗೆ ಅನುಮಾನಕ್ಕೆ ಎಡೆಯಿಲ್ಲ. ಕೈ ಆ ಕಡೆಗೇ ಹೋಯಿತು. ಆದರೆ ಇಪ್ಪತ್ತು ವರ್ಷದಿಂದ ಅವನ ಅಂಗಡಿಗೆ ಬಂದವರೆಲ್ಲ ಥಳಥಳಿಸುವ ಗಡಿಯಾರವನ್ನೇ ಎತ್ತಿಕೊಳ್ಳುವಾಗ, "ಹೊಳಪು ನೋಡ್ಬೇಡಿ ಸ್ವಾಮಿ, ಒಳಗಿನ ಮಿಷನ್ ನೋಡಿ" ಎಂದು ಅವನು ಗಂಟಲು ಹರಿದುಕೊಂಡಿದ್ದ. ಹತ್ತು ದಿನದಲ್ಲಿ ಕೆಡುತ್ತದೆಂದು ಗೊತ್ತಿದ್ದೂ ವಸ್ತು ಕೊಳ್ಳಲು ಆ ಕೈ ಒಪ್ಪಲಿಲ್ಲ. ಬಾಳಿನಲ್ಲಿ ಪ್ಯಾಂಟಿನ ಬಣ್ಣದಿಂದ ಹಿಡಿದು ಬಾಡಿಗೆ ಮನೆಯವರೆಗೆ ಎಲ್ಲವನ್ನೂ ತಪ್ಪಾಗಿಯೇ ಆರಿಸಿದ್ದ ಮನುಷ್ಯ, ಬಲಗಡೆಯ ಕುಂಡವನ್ನು ಎತ್ತಿಕೊಂಡ.

ಬಸ್ಸಿನಲ್ಲಿ ಕುಂಡ ಮಡಿಲಲ್ಲಿತ್ತು. ಗಿಡ ಅವನ ಗಲ್ಲ ಗೀರಿತು, ಅವನು ಸಹಿಸಿಕೊಂಡ. ಮುಂದಿನ ಸೀಟಿನವನು ನಿದ್ದೆಯಲ್ಲಿ ಹಿಂದಕ್ಕೆ ವಾಲಿ, ಮುಳ್ಳು ಕುತ್ತಿಗೆಗೆ ಚುಚ್ಚಿ, ಬೆಚ್ಚಿ ಕೈ ಬೀಸಿದ. ಒಂದು ಹೂವಿನ ಕತ್ತು ಲಟಕ್ಕೆಂದಿತು.

"ಗಿಡ ತಗೊಂಡು ಬಸ್ಸು ಹತ್ತೋದಾ?" ಎಂದ ಆತ ಕುತ್ತಿಗೆ ಉಜ್ಜಿಕೊಳ್ಳುತ್ತ.

"ಅದಕ್ಕೂ ಟಿಕೆಟ್ ತಗೊಂಡಿದೀನಿ ಸ್ವಾಮಿ," ಎಂದ ಇವನು, ಅಳುವ ದನಿಯಲ್ಲಿ. ಅಲ್ಲಿಂದ ಮನೆಯವರೆಗೆ ಮುರಿದ ಹೂವಿನ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಬಂದ.

ಮನೆ ಮುಟ್ಟಿದಾಗ ಮೂರು ಇಪ್ಪತ್ತು. ಹೆಂಡತಿ ಹೂವು ನೋಡಿದಳು. "ಇದು ಕೆಂಪಾ?"

"ಅಲ್ಲ."

"ನಿಮ್ಮ ಕಣ್ಣಿಗೆ ಯಾವಾಗಲೂ ಇರುತ್ತಲ್ಲ ಭೂತಗನ್ನಡಿ, ಅದು ಮನೇಲಿ ಬಿಟ್ಟು ಹೋಗಿದ್ರಾ?"

"ಈ ಬಿಸಿಲಿಗೆ ಕೆಂಪು ನಿಲ್ಲಲ್ವಂತೆ ಕಣೇ. ಇದು ಬದುಕುತ್ತೆ."

"ಗಿಡ ಬದುಕುತ್ತೆ. ನಾವು?"

ಮಾತಿಗೆ ಸಮಯವಿರಲಿಲ್ಲ. ಗೋಡೆಯಿಂದ ಒಂದು ಮೊಳ ಬಿಟ್ಟು ಗುಂಡಿ ತೋಡಿದರು. ಮಣ್ಣು ಕೈ ಸುಡುತ್ತಿತ್ತು. ಹೆಂಡತಿ ಮಡಕೆಯ ತಣ್ಣೀರು ತಂದು ಸುರಿದಳು. ದರ್ಜಿ ಅಕ್ಕ ಯಾರೋ ಹೊಲಿಯಲು ಕೊಟ್ಟ ಪರದೆಯನ್ನು ಗೋಡೆಯಾಚೆಯಿಂದ ನೆರಳಿಗೆ ಹಿಡಿದರು. ಮೇಷ್ಟ್ರು "ಎಡಕ್ಕೆ, ಬಲಕ್ಕೆ, ನಿಲ್ಲಿ" ಎಂದು ಗಿಡಕ್ಕೆ ಕವಾಯತು ಮಾಡಿಸಿದರು. ಮುರಿದ ಹೂವಿಗೆ ಅಕ್ಕ ಗೋಡೆ ಮೇಲಿಂದ ಬಗ್ಗಿ, ಬಾಯಿಂದಲೇ ಒಂದು ಗುಂಡುಸೂಜಿ ತೆಗೆದು, ಕಾಲರ್ ಕೂಡಿಸುವಷ್ಟು ಅಚ್ಚುಕಟ್ಟಾಗಿ ಕತ್ತು ಕೂಡಿಸಿದರು. "ಮುಟ್ಟದಿದ್ರೆ ಗೊತ್ತಾಗಲ್ಲ."

ನಾಲ್ಕು ಮೂವತ್ತೆಂಟಕ್ಕೆ ಗೇಟು ಸದ್ದಾಯಿತು. ಪರದೆ ಗೋಡೆಯಾಚೆ ಮಾಯವಾಯಿತು. ಮೇಷ್ಟ್ರು ಒಗೆಯುವ ಕಲ್ಲಿನ ಹಿಂದೆ ಸರಿದರು.

ಒಡತಿ ಕುರ್ಚಿಯನ್ನೂ ನೋಡಲಿಲ್ಲ, ನೀರನ್ನೂ ಕೇಳಲಿಲ್ಲ. ಕೈಚೀಲ ಎದೆಗವಚಿಕೊಂಡು ನೆಟ್ಟಗೆ ಹಿತ್ತಿಲಿಗೆ ನಡೆದರು. ಗಿಡದ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಎಣಿಸಿದರು. "ಒಂದು, ಎರಡು, ಮೂರು. ಸರಿಯಾಗೇ ಹೇಳಿದ್ರಿ. ಬಣ್ಣ?"

"ಬಿಸಿಲಿಗೆ ಅಮ್ಮ," ಎಂದ ಅವನು. "ತಿಳಿಯಾಗಿದೆ."

ಒಡತಿ ಬಗ್ಗಿದರು. ಮೂರರಲ್ಲಿ ಎರಡು ಗಟ್ಟಿಯಾಗಿದ್ದವು. ಅವರು ಮೂಸಲು ಹಿಡಿದದ್ದು ಮೂರನೆಯದನ್ನು. ಹೂವು ಸಲೀಸಾಗಿ ಅವರ ಕೈಗೆ ಬಂತು, ಹಿಂದೆಯೇ ಗುಂಡುಸೂಜಿಯೂ ಬಂತು. ಅದನ್ನು ಬಿಸಿಲಿಗೆ ಹಿಡಿದು ನೋಡಿದರು. "ಆಸ್ಪತ್ರೇಲಿ ಎಷ್ಟೋ ಹೊಲಿಗೆ ಬಿಚ್ಚಿದೀನಿ. ಗುಲಾಬಿಗೆ ಹಾಕಿದ್ದು ಇದೇ ಮೊದಲು."

ಗೋಡೆಯ ಮೇಲಿದ್ದ ತಲೆ ಇಳಿಯಿತು. ಗಡಿಯಾರದವನು ನಾಲ್ಕು ತಿಂಗಳದ್ದೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಒಂದೂಕಾಲು, ಪೈಪು, ಬಿಸಿನೀರು, ಬಸ್ಸು. "ತಪ್ಪಾಯ್ತು ಅಮ್ಮ. ಹಿಂದಿನವರನ್ನ ಬಿಡಿಸಿದ ಹಾಗೆ ನಮ್ಮನ್ನ ಬಿಡಿಸ್ಬೇಡಿ."

"ಹಿಂದಿನವರಿಗೆ ವರ್ಗ ಆಯ್ತು, ಹೋದ್ರು. ಬಿಡಿಸಿದೆ ಅಂತ ಯಾರು ಹೇಳಿದ್ದು?"

ಕಲ್ಲಿನ ಹಿಂದೆ ಮೇಷ್ಟ್ರು ಕೆಮ್ಮಿದರು.

"ಮತ್ತೆ ಆ ಗಿಡಕ್ಕೆ ಇಷ್ಟು ಗಾಬರಿಯಾ?" ಒಡತಿಯ ದನಿ ಮೊದಲ ಸಲ ಮೆತ್ತಗಾಯಿತು. "ಆ ಮೂಲೇಲಿ ನಾನು ಇಟ್ಟ ಏಳನೇ ಗಿಡ ಅದು. ಏಳೂ ಕಡುಗೆಂಪೇ, ಏಳೂ ಸತ್ತುಹೋದ್ವು. ನಿಮ್ಮ ನೀರು ಬರೀ ನೆಪ." ಚೀಲದಿಂದ ಮಡಚಿದ ಕಾಗದವೊಂದನ್ನು ತೆಗೆದರು. "ತಂಗಿ ಮನೇಲಿ ಒಂದು ಹಿಡಿ ಮಣ್ಣಿಲ್ಲ. ವಾಪಸ್ ಬಂದು ಇಲ್ಲೇ ಇರೋಣ ಅಂತ ನನಗೆ ದಿನಾ ಆಸೆ. ಆದ್ರೆ ಹೂವಿಲ್ಲದ ಹಿತ್ತಿಲು ನೋಡ್ತಾ ಕೂರೋದು ನನ್ನ ಕೈಲಾಗಲ್ಲ. ಇದೂ ಒಣಗಿರುತ್ತೆ, ನೀವು ಫೋನಲ್ಲಿ ಸುಳ್ಳು ಹೇಳ್ತಿದೀರಿ ಅಂತ ಗೊತ್ತಿತ್ತು. ಸರಿ, ಆಸೆ ಬಿಟ್ಟು ಮನೆ ನಿಮಗೇ ಐದು ವರ್ಷಕ್ಕೆ ಕೊಟ್ಟುಬಿಡೋಣ ಅಂತ ಕರಾರು ಬರೆಸ್ಕೊಂಡೇ ಬಂದೆ."

ಹೆಂಡತಿ ಗಂಡನ ತೋಳು ಹಿಡಿದುಕೊಂಡಳು. ಐದು ವರ್ಷ. ಅವಳ ಮುಖದಲ್ಲಿ ಆಗ ಅರಳಿದ್ದರ ಮುಂದೆ ಗಿಡದಲ್ಲಿದ್ದದ್ದು ಏನೇನೂ ಅಲ್ಲ.

ಒಡತಿ ಮಾತ್ರ ಕೈಯಲ್ಲಿದ್ದ ಹೂವನ್ನೇ ನೋಡುತ್ತಿದ್ದರು. ಬಿಸಿಲು ಗೋಡೆಗೆ ಬಡಿದು ಎಲ್ಲರ ಮುಖಕ್ಕೂ ರಾಚುತ್ತಿತ್ತು. ಅವರು ಒಂದು ಎಸಳನ್ನು ಬೆರಳುಗಳ ನಡುವೆ ಒತ್ತಿ ನೋಡಿದರು, ಬಗ್ಗಿ ಉಳಿದೆರಡನ್ನೂ ನೋಡಿದರು.

"ಮುರಿದ ಹೂವು, ಇಷ್ಟು ಬಿಸಿಲು, ಆದ್ರೂ ಅಂಚು ಸುಟ್ಟಿಲ್ಲವಲ್ಲ. ಏಳು ಸಲ ನನಗೆ ಹೊಳೀಲಿಲ್ಲ. ಇದನ್ನ ಆರಿಸಿದ್ದು ಯಾರು?"

"ಇವರೇ ಅಮ್ಮ," ಎಂದಳು ಹೆಂಡತಿ. ಒಂಬತ್ತು ವರ್ಷದಲ್ಲಿ ಅವಳು ಗಂಡನ ಬಗ್ಗೆ ಹೆಮ್ಮೆಯಿಂದ ಆಡಿದ ಮೊದಲ ಮಾತು ಅದು. "ಕೆಂಪು ಎದುರಿಗೇ ಇತ್ತಂತೆ. ಬೇಡ, ಬದುಕೋದೇ ಬೇಕು ಅಂತ ಇದನ್ನೇ ತಂದ್ರು."

"ಬದುಕುತ್ತೆ," ಎಂದರು ಒಡತಿ, ತಮಗೇ ಹೇಳಿಕೊಂಡಂತೆ. ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಚೀಲಕ್ಕೆ ಹಾಕಿದರು. "ಈ ಹೂವು ಮುಗಿದ ಮೇಲೆ ಮತ್ತೆ ಯಾವಾಗ ಬಿಡುತ್ತೆ?"

ಗಡಿಯಾರದವನು ಗಿಡ ಮಾರಿದಾಕೆ ಹೇಳಿದ್ದನ್ನು ಒಂದು ದಿನ ಆಚೀಚೆಯಿಲ್ಲದೆ ಒಪ್ಪಿಸಿದ. "ಸರಿಯಾಗಿ ಆರು ವಾರಕ್ಕೆ ಅಮ್ಮ."

"ಹಾಗಾದ್ರೆ ನೀವೂ ಅಷ್ಟರೊಳಗೆ ಮನೆ ಬಿಡಿ."